ಚೀನಾದ ಕುರ್ಚಿಯಲ್ಲಿ ತಾರಾ

ಸ್ಯಾನ್ ಹೊಸೆಯಿಂದ ಬರ್ಕ್ಲಿಗೆ ಕಾರಿನಲ್ಲಿ ಹೋದರೆ ಸುಮಾರು ಒಂದು ಗಂಟೆ, ಟ್ರೇನಿನಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು. ಆದರೂ ನಾವು ಟ್ರೇನನ್ನೇ ಹಿಡಿದೆವು. ಬರ್ಕ್ಲಿಯಲ್ಲಿ ಕಾರು ನಿಲ್ಲಿಸುವುದೆಂದರೆ ನನ್ನ ಅಣ್ಣನ ಮಗಳು ಸುನಂದಾಳಿಗೆ ತಲೆನೋವು. "ಪಾರ್ಕಿಂಗ್ ಹುಡುಕೂದ್ರಾಗ ಅರ್ಧಾ ಆಯುಷ್ಯ ಹೋಗ್ತದ ಕಾಕಾ, ಟ್ರೇನಿಗೇ ಹೋಗೋಣು," ಎಂದಳು. ನನಗೇನು? ಹುಬ್ಬಳ್ಳಿಯಿಂದ ಅಷ್ಟು ದೂರ ಹೋದವನು, ಕಿಟಕಿಯ ಪಕ್ಕ ಜಾಗ ಸಿಕ್ಕರೆ ಸಾಕಾಗಿತ್ತು. ಮಾರ್ಚ್ ತಿಂಗಳ ಶನಿವಾರ. ಬಿಸಿಲಿತ್ತು, ಆದರೆ ಪ್ಲಾಟ್‌ಫಾರ್ಮಿನ ಮೇಲೆ ಬೀಸುವ ಗಾಳಿಗೆ ಸ್ವೆಟರಿನ ಮೇಲೆ ಇನ್ನೊಂದು ಸ್ವೆಟರು ಬೇಕೆನಿಸಿತು. ಟಿಕೆಟ್ಟು ತಲೆಗೆ ಎಂಟು ಡಾಲರಿನ ಹತ್ತಿರ. ರೂಪಾಯಿಯಲ್ಲಿ ಎಷ್ಟಾಯಿತು ಎಂದು ಲೆಕ್ಕ ಹಾಕಲು ಹೋಗಿ ಸುನಂದಾಳಿಂದ ಬೈಸಿಕೊಂಡೆ.

ನಾನು ಒಣಮೆಣಸಿನಕಾಯಿ ದಲಾಲಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಮಸಾಲೆ ಪದಾರ್ಥಗಳ ಮೇಳಕ್ಕೆಂದು ಹೋಗಿದ್ದೆ. ಮೇಳ ಮುಗಿದ ಮೇಲೆ ಒಂದು ವಾರ ಸುನಂದಾಳ ಮನೆಯಲ್ಲಿ ಉಳಿದೆ. ಬಂಗಾರದ ಬಣ್ಣದ ಸೇತುವೆ ಎಂದು ಹೇಳಿ ಕೆಂಪು ಸೇತುವೆ ತೋರಿಸಿದರು, ಪಾಲೋ ಆಲ್ಟೋದಲ್ಲಿ ದೊಡ್ಡ ದೊಡ್ಡ ಕಂಪನಿಗಳ ಗೇಟು ತೋರಿಸಿದರು. ಎಲ್ಲ ಚೆನ್ನಾಗಿತ್ತು. ಆದರೆ ಊರಿಗೆ ಬಂದ ಮೇಲೆ ಯಾರಾದರೂ "ಅಮೆರಿಕಾದಾಗ ಏನ್ ನೋಡಿದ್ರಿ?" ಎಂದು ಕೇಳಿದರೆ ನಾನು ಹೇಳುವುದು ಈ ಬರ್ಕ್ಲಿಯ ಎರಡು ದಿನಗಳನ್ನು ಮಾತ್ರ.

ನಮ್ಮ ಜೊತೆಗಿದ್ದ ಮೂರನೆಯವಳು ಸುನಂದಾಳ ಮಗಳು ತಾರಾ. ಹದಿನಾರು ವರ್ಷ. ನನ್ನನ್ನು ಅಜ್ಜ ಎನ್ನುತ್ತಾಳೆ. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆ ಉತ್ತರವೂ ಎಷ್ಟು ಮೆಲ್ಲಗೆ ಎಂದರೆ ಎದುರಿಗೆ ಕೂತವರೇ ಎರಡು ಸಲ "ಏನು?" ಎನ್ನಬೇಕು. ನಮ್ಮ ಮನೆತನದಲ್ಲಿ ಇಂಥ ದನಿ ಎಲ್ಲಿಂದ ಬಂತೋ ದೇವರೇ ಬಲ್ಲ. ನಮ್ಮಪ್ಪ ಅಂಗಡಿಯಲ್ಲಿ ಮಾತಾಡಿದರೆ ಬೀದಿಯ ಆ ತುದಿಗೆ ಕೇಳಿಸುತ್ತಿತ್ತು.

ನಾವು ಹೊರಟಿದ್ದು ಅವಳ ಸಲುವಾಗಿಯೇ. ಬರ್ಕ್ಲಿಯ ವಿಶ್ವವಿದ್ಯಾಲಯದ ಆವರಣದಲ್ಲಿ ಹೈಸ್ಕೂಲು ಮಕ್ಕಳ ಸಮ್ಮೇಳನವೊಂದಿತ್ತು. ಒಬ್ಬೊಬ್ಬರು ಒಂದೊಂದು ದೇಶದ ಪ್ರತಿನಿಧಿಯಾಗಿ ಕೂತು ಹಳೆಯ ಕಾಲದ ಒಂದು ಸಂಧಾನವನ್ನು ಮತ್ತೆ ನಡೆಸುತ್ತಾರೆ. ತಾರಾಳ ಕೋಣೆಗೆ ಬಂದ ವಿಷಯ ಹತ್ತೊಂಬತ್ತನೆಯ ಶತಮಾನದ ಚೀನಾ: ಅಫೀಮಿನ ಯುದ್ಧದಲ್ಲಿ ಸೋತ ಚಕ್ರವರ್ತಿಯ ದೂತರು ಬ್ರಿಟನ್, ಅಮೆರಿಕ ಮತ್ತು ಫ್ರಾನ್ಸಿನ ಜೊತೆ ಮಾಡಿಕೊಂಡ ಒಪ್ಪಂದಗಳು.

ಟ್ರೇನು ಫ್ರೀಮಾಂಟ್ ದಾಟಿ ಹೋಗುತ್ತಿತ್ತು. ಬಲಗಡೆ ಗುಡ್ಡಗಳು ಹಸಿರು ಹಸಿರಾಗಿದ್ದವು. ಇನ್ನೆರಡು ತಿಂಗಳಲ್ಲಿ ಒಣಗಿ ಕಂದುಬಣ್ಣಕ್ಕೆ ತಿರುಗುತ್ತವೆ ಎಂದು ಸುನಂದಾ ಹೇಳಿದಳು. ಅವಲಕ್ಕಿಯ ಡಬ್ಬಿ ಬಿಚ್ಚಿದಳು. ತಿನ್ನುತ್ತಾ ನಾನು ತಾರಾಳನ್ನು ಕೇಳಿದೆ, "ನಿನಗ ಯಾವ ದೇಶ ಬಂದದವಾ?"

"ಚೀನಾ."

"ಭಾಳ ಛಲೋ ಆತು! ಅಷ್ಟು ದೊಡ್ಡ ದೇಶ!"

ತಾರಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಸುನಂದಾ ನನಗೆ ಕಣ್ಣಸನ್ನೆ ಮಾಡಿದಳು. ಆಮೇಲೆ ವಿಷಯ ಗೊತ್ತಾಯಿತು. ದೇಶಗಳನ್ನು ಹಂಚಿದವನು ಅವರ ಶಾಲೆಯ ತಂಡದ ನಾಯಕ ನಿಖಿಲ್. ಮಂಗಳೂರು ಕಡೆಯವರ ಮಗ, ಮಾತಿನಲ್ಲಿ ಪಟಾಕಿ. ಬ್ರಿಟನ್ನು ತನಗೆ ಇಟ್ಟುಕೊಂಡು ಚೀನಾವನ್ನು ತಾರಾಳಿಗೆ ಕೊಟ್ಟ. ಕೊಡುವಾಗ ಎಲ್ಲರೆದುರಿಗೆ ಅಂದನಂತೆ, "ಚೀನಾ ಡಸಂಟ್ ಹ್ಯಾವ್ ಟು ಟಾಕ್. ಇಟ್ ಜಸ್ಟ್ ಸೈನ್ಸ್." ಚೀನಾ ಮಾತಾಡುವುದೇನೂ ಇಲ್ಲ, ಸಹಿ ಹಾಕಿದರಾಯಿತು! ಬೇಸಿಗೆಯ ದೊಡ್ಡ ಸಮ್ಮೇಳನಕ್ಕೆ ತಂಡ ಆರಿಸುವವನೂ ಅವನೇ. ಈ ಎರಡು ದಿನ ತಾರಾ ಬಾಯಿ ಬಿಡದೆ ಸಹಿ ಹಾಕಿ ಬಂದರೆ ಅವಳ ಹೆಸರು ತಂಡದಿಂದ ಬಿದ್ದುಹೋಗುತ್ತಿತ್ತು.

ನನಗೆ ಮೈಯೆಲ್ಲ ಉರಿಯಿತು. "ಯಾಂವ ಅವನು? ಕರೀ ಅವನ್ನ, ನಾ ಮಾತಾಡ್ತೇನಿ," ಎಂದೆ. ಪಕ್ಕದ ಸೀಟಿನವರು ತಿರುಗಿ ನೋಡಿದರು. ತಾರಾ ನನ್ನ ತೋಳು ಹಿಡಿದು, "ಅಜ್ಜ, ಪ್ಲೀಸ್," ಎಂದಳು. ಆಮೇಲೆ ತನಗೆ ಬೇಕಾಗಿರುವುದು ಒಂದೇ ಒಂದು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಒಪ್ಪಂದದಲ್ಲಿ ಒಂದು ಕಲಮು ಇದೆ, ಅದನ್ನು ತೆಗೆಸಬೇಕು. ಉಳಿದದ್ದೆಲ್ಲ ಹೋದರೂ ಪರವಾಗಿಲ್ಲ.

ಆ ಕಲಮು ಏನೆಂದು ಕೇಳಿದೆ. ಅವಳು ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಯುದ್ಧಕ್ಕೆ ಮೊದಲು ಪರದೇಶದ ವ್ಯಾಪಾರಿಗಳು ಚೀನಾದ ಒಂದೇ ಬಂದರಿನಲ್ಲಿ, ಸರಕಾರ ನೇಮಿಸಿದ ವರ್ತಕರ ಮೂಲಕವೇ ವ್ಯಾಪಾರ ಮಾಡಬೇಕಿತ್ತು. ಚಹಾ ಬೇಕು, ಅದಕ್ಕೆ ಬೆಳ್ಳಿ ಸುರಿಯಬೇಕು. ಬೆಳ್ಳಿ ಸುರಿದು ಸುಸ್ತಾದ ಇಂಗ್ಲಿಷರು ನಮ್ಮ ದೇಶದಲ್ಲಿ ಬೆಳೆಸಿದ ಅಫೀಮನ್ನು ಅಲ್ಲಿಗೆ ಸಾಗಿಸಿದರು. ಚೀನಾ ಬೇಡ ಎಂದಿತು, ಯುದ್ಧವಾಯಿತು, ಚೀನಾ ಸೋತಿತು. ಆಮೇಲಿನ ಒಪ್ಪಂದಗಳಲ್ಲಿ ಐದು ಬಂದರು ತೆರೆಯಬೇಕಾಯಿತು, ಒಂದು ದ್ವೀಪ ಕೊಡಬೇಕಾಯಿತು. ತನ್ನ ಬಂದರಿನಲ್ಲಿ ತಾನು ಎಷ್ಟು ಸುಂಕ ಹಾಕಬೇಕೆಂಬುದನ್ನೂ ಚೀನಾ ಪರರನ್ನು ಕೇಳಿ ನಿಗದಿ ಮಾಡಬೇಕಾಯಿತು. ಚೀನಾದಲ್ಲಿ ತಪ್ಪು ಮಾಡಿದ ಪರದೇಶಿಯನ್ನು ಅವನ ದೇಶದವರೇ ವಿಚಾರಿಸಬೇಕು. ಇದೆಲ್ಲದರ ಮೇಲೆ ಈ ಪರಮಾಪ್ತ ರಾಷ್ಟ್ರದ ಕಲಮು: ಚೀನಾ ಒಬ್ಬರಿಗೆ ಏನೇ ರಿಯಾಯಿತಿ ಕೊಟ್ಟರೂ ಉಳಿದವರಿಗೆಲ್ಲ ಅದು ಪುಕ್ಕಟೆಯಾಗಿ ಸಿಗಬೇಕು. ಅವರು ಚೀನಾಕ್ಕೆ ತಿರುಗಿ ಏನೂ ಕೊಡಬೇಕಾಗಿಲ್ಲ.

ನನಗೆ ಥಟ್ಟನೆ ತಿಳಿಯಿತು. ಬ್ಯಾಡಗಿಯ ಪೇಟೆಯಲ್ಲಿ ಒಬ್ಬ ಹಳೆಯ ಗಿರಾಕಿಗೆ ದರ ಇಳಿಸಿ ಕೊಟ್ಟಾಗ ಪೇಟೆಯ ಎಲ್ಲ ಗಿರಾಕಿಗಳೂ ಬಂದು ಅದೇ ದರಕ್ಕೆ ಚೀಲ ಎತ್ತಿಕೊಂಡು ಹೋದರೆ ಅಂಗಡಿ ಎಷ್ಟು ದಿನ ನಡೆದೀತು?

"ಯಾವ ಮೂರ್ಖ ಸಹಿ ಹಾಕಿದನವಾ ಇದಕ್ಕ?" ಎಂದೆ.

"ಮೂರ್ಖ ಅಲ್ಲ ಅಜ್ಜ," ಎಂದಳು ತಾರಾ ಕನ್ನಡದಲ್ಲೇ. ಅಷ್ಟು ಹೇಳಿ ತನ್ನ ಕಾಗದಗಳಲ್ಲಿ ಮುಳುಗಿದಳು. ನಾನು ಉಳಿದ ಅವಲಕ್ಕಿ ಮುಗಿಸಿದೆ. ಓಕ್ಲೆಂಡಿನಲ್ಲಿ ಟ್ರೇನು ನೆಲದೊಳಗೆ ಇಳಿಯಿತು, ಒಮ್ಮೆ ಮೇಲೆ ಬಂದು ಮತ್ತೆ ಇಳಿಯಿತು. ಮತ್ತೆ ಬೆಳಕು ಕಂಡದ್ದು ಬರ್ಕ್ಲಿಯಲ್ಲಿ ಮೆಟ್ಟಿಲು ಹತ್ತಿ ಮೇಲೆ ಬಂದಾಗ.

ಬರ್ಕ್ಲಿ ನನಗೆ ಕಂಡ ಕೂಡಲೇ ಹಿಡಿಸಿತು. ಸ್ಯಾನ್ ಹೊಸೆಯಲ್ಲಿ ಮನುಷ್ಯರೆಲ್ಲ ಕಾರಿನೊಳಗೆ ಇರುತ್ತಾರೆ, ಇಲ್ಲಿ ಬೀದಿಯ ಮೇಲಿದ್ದರು. ಹರಿದ ಕೋಟು ಹಾಕಿಕೊಂಡ ಮುದುಕನೊಬ್ಬ ಬೀದಿ ಬದಿಯಲ್ಲಿ ಚದುರಂಗ ಆಡುತ್ತಿದ್ದ, ಹುಡುಗಿಯರು ನಡೆಯುತ್ತಲೇ ಓದುತ್ತಿದ್ದರು. ಆವರಣದ ಒಳಗೆ ಹೊಕ್ಕರೆ ನೀಲಗಿರಿ ಮರಗಳ ತೋಪು. ತಲೆ ಎತ್ತಿ ನೋಡಿದರೆ ತುದಿ ಕಾಣದಷ್ಟು ಎತ್ತರ, ಗಾಳಿಯಲ್ಲಿ ನೀಲಗಿರಿ ಎಣ್ಣೆಯ ವಾಸನೆ. ನೆಗಡಿಗೆ ಬೇರೆ ಔಷಧ ಬೇಕಾಗಿಲ್ಲ ಎಂದೆ.

ಸಮ್ಮೇಳನದ ಕೋಣೆ ಚಿಕ್ಕದು. ಮಧ್ಯೆ ಮೇಜು, ಸುತ್ತ ದೇಶಗಳು, ಹಿಂದೆ ನಮ್ಮಂಥವರಿಗೆ ಎರಡು ಸಾಲು ಕುರ್ಚಿ. ಅಧ್ಯಕ್ಷೆ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ. ಅವಳು ನಿಯಮ ಹೇಳಿದಳು: ಹೊಸ ಕಲಮುಗಳನ್ನು ಚೀನಾದ ಪ್ರತಿನಿಧಿ ಸಭೆಯಲ್ಲಿ ಪೂರ್ತಿಯಾಗಿ ಓದಿ ಹೇಳಬೇಕು. ಕೇಳಿದ ದೇಶ "ನಮಗೂ ಅದೇ" ಎಂದರೆ ಆ ಕಲಮು ಅವರಿಗೂ ಸೇರಿತು ಎಂದು ಬರೆದುಕೊಳ್ಳಲಾಗುವುದು; ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಹೊಸ ಕಲಮನ್ನು ಮೂರು ದೇಶಗಳೂ ಒಪ್ಪಿದರೆ ಅದಕ್ಕೆ ವಿರುದ್ಧವಾದ ಹಳೆಯ ಕಲಮು ರದ್ದು. ಭಾನುವಾರ ಮಧ್ಯಾಹ್ನ ಸಹಿ. ಹೊಳೆಯಲ್ಲಿ ಯುದ್ಧದ ಹಡಗುಗಳು ನಿಂತಿವೆ ಎಂದು ಲೆಕ್ಕ, ಆದ್ದರಿಂದ ಚೀನಾ ಎದ್ದು ಹೋಗುವಂತಿಲ್ಲ.

ನಿಖಿಲ್ ಬ್ರಿಟನ್ನಿನ ಬಾವುಟ ಮುಂದಿಟ್ಟುಕೊಂಡು ಕೂತಿದ್ದ. ನೋಡಲು ಲಕ್ಷಣವಾದ ಹುಡುಗ. ನನ್ನನ್ನು ಕಂಡು "ನಮಸ್ಕಾರ ಅಂಕಲ್, ಆರಾಮಾ?" ಎಂದು ಕೈ ಮುಗಿದ. ಇವನ ಮೇಲೆ ಸಿಟ್ಟು ಉಳಿಸಿಕೊಳ್ಳುವುದೇ ಒಂದು ಕೆಲಸವಾಯಿತು. ಅಮೆರಿಕದ ಕುರ್ಚಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಇನ್ನೊಂದು ಶಾಲೆಯ ಎಮಿಲಿ ಎಂಬ ಚೀನೀ ಮೂಲದ ಹುಡುಗಿ. ಅವಳ ಅಜ್ಜ ನನ್ನ ಪಕ್ಕದಲ್ಲೇ ಕೂತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಮಡಿಲಲ್ಲಿ ಚಹಾದ ಫ್ಲಾಸ್ಕು.

"ಇಂಡಿಯಾ?" ಎಂದು ಕೇಳಿದರು. ಹೌದೆಂದೆ.

"ಹಾಗಾದರೆ ಅಫೀಮು ನಿಮ್ಮದು, ಚಹಾ ನಮ್ಮದು," ಎಂದು ನಕ್ಕು ಲೋಟಕ್ಕೆ ಚಹಾ ಬಗ್ಗಿಸಿ ಕೊಟ್ಟರು. ಹಾಲಿಲ್ಲ, ಸಕ್ಕರೆಯಿಲ್ಲ. ಕುಡಿದೆ. ನಮ್ಮ ಮೆಣಸಿನಕಾಯಿಯ ಮಾದರಿ ಪೊಟ್ಟಣವೊಂದು ಜೇಬಿನಲ್ಲಿತ್ತು, ಅದನ್ನು ಕೊಟ್ಟೆ. ಅಲ್ಲಿಗೆ ಇಂಡಿಯಾ-ಚೀನಾ ವ್ಯಾಪಾರ ಸುಸೂತ್ರವಾಗಿ ನಡೆಯಿತು.

ಮೇಜಿನ ಮೇಲೆ ಮಾತ್ರ ಹಾಗೆ ನಡೆಯಲಿಲ್ಲ. ತಾರಾ ಎದ್ದು ಮಾತಾಡಿದಳು. ಅವಳ ಮಾತಿನ ಮೇಲೆ ನಿಖಿಲ್ ಮಾತಾಡಿದ. ಅವಳು ಆ ಕಲಮು ತೆಗೆಯಬೇಕೆಂದು ಕೇಳಿದಳು; ಫ್ರಾನ್ಸಿನ ಹುಡುಗ ಏನೋ ತಮಾಷೆ ಮಾಡಿದ, ಎಲ್ಲರೂ ನಕ್ಕರು. "ಲೌಡರ್ ಪ್ಲೀಸ್," ಎಂದು ಅಧ್ಯಕ್ಷೆ ಮೂರು ಸಲ ಹೇಳಿದಳು. ಸಂಜೆಯ ಹೊತ್ತಿಗೆ ಯಾರೂ ಅವಳ ಕಡೆ ನೋಡುವುದನ್ನೇ ಬಿಟ್ಟಿದ್ದರು. ಸುನಂದಾ ಕಣ್ಣೊರೆಸಿಕೊಂಡಳು, ಮಗಳಿಗೆ ಕಾಣದ ಹಾಗೆ.

ಆ ಸಂಜೆ ಹತ್ತಿರದಲ್ಲೇ ಒಂದು ಹೋಟೆಲಿನಲ್ಲಿ ಕೋಣೆ ಹಿಡಿದು, ಊಟಕ್ಕೆ ನಮ್ಮವರ ಖಾನಾವಳಿಯೊಂದಕ್ಕೆ ಹೋದೆವು. ದೋಸೆ ಮೇಜಿಗಿಂತ ಉದ್ದವಿತ್ತು, ಚಟ್ನಿಯಲ್ಲಿ ಮಾತ್ರ ಖಾರವೇ ಇಲ್ಲ. ತಾರಾ ತಟ್ಟೆಯಿಂದ ಕಣ್ಣೆತ್ತದೆ ತಿನ್ನುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ನೋಡವಾ, ನಿನ್ನ ತಪ್ಪು ಏನಂದ್ರ, ಎಲ್ಲಾರ ಮುಂದ ವ್ಯಾಪಾರ ಮಾಡಾಕ್ಹತ್ತೀದಿ," ಎಂದೆ. "ನಮ್ಮ ಕಡೆ ದನದ ಸಂತ್ಯಾಗ ಹೆಂಗ ಮಾಡ್ತಾರ ಗೊತ್ತೇನು? ಟವೆಲ್ ಕೆಳಗ!"

ಕೈವಸ್ತ್ರವನ್ನು ಅವಳ ಕೈಯ ಮೇಲೆ ಹೊದಿಸಿ ಬೆರಳು ಹಿಡಿದು ತೋರಿಸಿದೆ. ಒಂದು ಬೆರಳು ಹಿಡಿದರೆ ಒಂದು, ಎರಡಕ್ಕೆ ಎರಡು, ಪೂರ್ತಿ ಅಂಗೈಗೆ ಐದು. ಕೊಡುವವನಿಗೂ ಕೊಳ್ಳುವವನಿಗೂ ಬಿಟ್ಟು ದರ ಯಾರಿಗೂ ತಿಳಿಯುವುದಿಲ್ಲ. ಈತನಿಗೆ ಕೊಟ್ಟ ದರ ಪಕ್ಕದವನಿಗೆ ಗೊತ್ತಾಗದಿದ್ದರೆ ಅವನು ಹೇಗೆ ಕೇಳಿಯಾನು? ನಾನು ಎತ್ತುಗಳ ವ್ಯಾಪಾರ ನೋಡುತ್ತಲೇ ಬೆಳೆದವನು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ಇವತ್ತಿಗೂ ಹೇಳುತ್ತೇನೆ.

ತಾರಾಳ ಮುಖ ಅರಳಿತು. "ಅಜ್ಜ, ದಿಸ್ ಈಸ್ ಸೋ ಕೂಲ್!" ಎಂದು ನನ್ನ ಬೆರಳು ಹಿಡಿದು ಸಾಂಬಾರಿನ ಬಟ್ಟಲಿಗೆ ಚೌಕಾಸಿ ಮಾಡಿದಳು. ಬಡಿಸುವವನು ನಮ್ಮಿಬ್ಬರ ಕೈಯನ್ನೇ ನೋಡುತ್ತ ನಿಂತುಬಿಟ್ಟ. ಸುನಂದಾ ಹಣೆ ಹಣೆ ಬಡಿದುಕೊಂಡಳು. "ಕಾಕಾ, ಅಕಿಗೆ ಏನೇನರೆ ಕಲಿಸಬ್ಯಾಡ್ರಿ!"

ಭಾನುವಾರ ಬೆಳಿಗ್ಗೆ ಸಭೆಗೆ ಇನ್ನೂ ಹೊತ್ತಿತ್ತು. ಆವರಣದ ಹಿಂದಿನ ಏರು ಹತ್ತಿದೆವು. ಅಬ್ಬಾ! ಇಡೀ ಕೊಲ್ಲಿ ಕಾಲಕೆಳಗೆ ಹರಡಿಕೊಂಡಿತ್ತು. ನೇರ ಎದುರಿಗೆ ಸಾಗರಕ್ಕೆ ಹೋಗುವ ದಾರಿ, ಎಡಕ್ಕೆ ಓಕ್ಲೆಂಡ್ ಬಂದರಿನ ಬಿಳಿ ಕ್ರೇನುಗಳು. ಪೆಟ್ಟಿಗೆಗಳನ್ನು ಹೊತ್ತ ಹಡಗೊಂದು ಒಳಗೆ ಬರುತ್ತಿತ್ತು. ಅದು ಚೀನಾದಿಂದಲೇ ಬಂದಿರಬಹುದು ಎಂದಳು ಸುನಂದಾ. ಈಗ ಚೀನಾದ ಸರಕು ಬರುತ್ತದೆಂದು ಅಮೆರಿಕದವರು ಸುಂಕದ ಮಾತಾಡುತ್ತಾರೆ. ಆಗ ಚೀನಾದವರು ಸುಂಕ ಎನ್ನುವ ಹಾಗೇ ಇರಲಿಲ್ಲ.

ಇಳಿಯುವಾಗ ತಾರಾ ತನ್ನ ಕುರ್ಚಿಯಲ್ಲಿ ನಿಜವಾಗಿ ಕೂತಿದ್ದವರ ವಿಷಯ ಹೇಳಿದಳು. ದಾರಿಯುದ್ದಕ್ಕೂ ನಾನು ಒಮ್ಮೆಯೂ "ಏನು?" ಎನ್ನಬೇಕಾಗಲಿಲ್ಲ. ಚಕ್ರವರ್ತಿಯ ಆ ದೂತರಿಗೆ ಹಿಂದೆ ರಾಜಧಾನಿಯ ಸಿಟ್ಟು, ಮುಂದೆ ಪರದೇಶದ ಫಿರಂಗಿಗಳು. ಶತ್ರುವಿನ ಹಡಗು ಹತ್ತಿ ಸಹಿ ಹಾಕಬೇಕು. ಊಟಕ್ಕೆ ಕರೆದು, ಉಪಚಾರ ಮಾಡಿ, ನಗುನಗುತ್ತ ಮಾತಾಡಿ ಸ್ವಲ್ಪವಾದರೂ ಉಳಿಸಿಕೊಳ್ಳಲು ನೋಡಿದರು. ಆಮೇಲೆ ಬಂದವರು ಪರದೇಶಗಳ ಕಾನೂನಿನ ಗ್ರಂಥವನ್ನೇ ಚೀನೀ ಭಾಷೆಗೆ ತರಿಸಿ ಓದಿ, ಅದರ ಮಾತನ್ನೇ ಅವರಿಗೆ ತೋರಿಸಿ ವಾದಿಸಿದರು. "ಅವರ ಹತ್ರ ಏನೂ ಇರಲಿಲ್ಲ ಅಜ್ಜ. ಸ್ಟಿಲ್ ದೇ ಟ್ರೈಡ್," ಎಂದಳು. ಹಿಂದಿನ ದಿನ ಮೂರ್ಖ ಎಂದ ನನಗೆ ನಾಚಿಕೆಯಾಯಿತು.

ಸಭೆಯಲ್ಲಿ ಆ ಬೆಳಿಗ್ಗೆ ಚೀನಾ ಟವೆಲ್ ವ್ಯಾಪಾರಕ್ಕಿಳಿಯಿತು. ಟವೆಲ್ ಇರಲಿಲ್ಲ, ಸುನಂದಾಳ ದುಪಟ್ಟಾ. ತಾರಾ ಒಬ್ಬೊಬ್ಬರನ್ನೇ ಮೂಲೆಗೆ ಕರೆದು ಬೆರಳು ಹಿಡಿದಳು. ಮಕ್ಕಳಿಗೋ ಹೊಸ ಆಟ, ನಗುತ್ತ ಕೈ ಒಡ್ಡಿದರು. ಬ್ರಿಟನ್ನಿಗೆ ಇನ್ನೆರಡು ಬಂದರು, ಅಮೆರಿಕಕ್ಕೆ ಚಹಾದ ಸುಂಕದಲ್ಲಿ ಇಳಿತ, ಫ್ರಾನ್ಸಿಗೆ ರೇಷ್ಮೆ. ಬದಲಿಗೆ ಪ್ರತಿಯೊಬ್ಬರೂ ಆ ಕಲಮಿನ ವಿರುದ್ಧ ಮತ ಹಾಕುವುದಾಗಿ ಮಾತು ಕೊಟ್ಟರು. ನಾನು ಮೀಸೆ ತಿರುವಿದೆ. ಪಕ್ಕದ ಅಜ್ಜನಿಗೆ, "ನಾನೇ ಕಲಿಸಿದ್ದು," ಎಂದು ಇಂಗ್ಲಿಷಿನಲ್ಲಿ ಜಂಬ ಕೊಚ್ಚಿದೆ.

ಆಗ ಅಧ್ಯಕ್ಷೆ ಸುತ್ತಿಗೆ ಬಡಿದು, ಹೊಸ ಕಲಮುಗಳನ್ನು ಓದು ಎಂದಳು.

ಓದಬೇಕು! ಎತ್ತಿನ ವ್ಯಾಪಾರದಲ್ಲಿ ಓದುವುದೆಲ್ಲಿದೆ? ಕೈ ಬಿಟ್ಟರೆ ಮುಗಿಯಿತು. ತಾರಾ ಕಾಗದ ಹಿಡಿದು ಬ್ರಿಟನ್ನಿನ ಬಂದರು ಓದಿದಳು. "ನಮಗೂ ಅದೇ!" ಎಂದಿತು ಫ್ರಾನ್ಸು. "ನಮಗೂ," ಎಂದಿತು ಅಮೆರಿಕ. ಚಹಾ ಓದಿದಳು, ನಿಖಿಲ್ ಮೇಜು ಕುಟ್ಟಿ "ಸೇಮ್ ಫಾರ್ ಅಸ್!" ಎಂದ. ರೇಷ್ಮೆಗೂ ಅದೇ ಗತಿ. ಬಂದರು, ಚಹಾ, ರೇಷ್ಮೆ ಎಲ್ಲವೂ ಎಲ್ಲರ ಪಾಲಾಯಿತು. ಆ ಕಲಮಿಗೆ ಮತ ಕೇಳಿದಾಗ ಯಾರೂ ಕೈ ಎತ್ತಲಿಲ್ಲ. ಬೆರಳಿನಲ್ಲಿ ಕೊಟ್ಟ ಮಾತಿಗೆ ಸಾಕ್ಷಿ ಯಾರು? ಸುಮ್ಮನಿದ್ದಿದ್ದರೆ ಹೊಸದಾಗಿ ಏನೂ ಹೋಗುತ್ತಿರಲಿಲ್ಲ, ನನ್ನ ವಿದ್ಯೆಯಿಂದ ಮೂರು ರಿಯಾಯಿತಿಗಳು ಮೂವರಿಗೂ ಹೋದವು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಊಟದ ಬಿಡುವಿನಲ್ಲಿ ಹುಲ್ಲಿನ ಮೇಲೆ ಕೂತೆವು. ಸುನಂದಾ ನನ್ನ ಕಡೆ ನೋಡಿದ ನೋಟವನ್ನು ಬರೆಯುವುದು ಬೇಡ. "ತಪ್ಪಾತವಾ, ನಂದೇ ತಪ್ಪು," ಎಂದೆ ತಾರಾಳಿಗೆ.

ಅವಳು ಸ್ಯಾಂಡ್‌ವಿಚ್ಚಿನ ಅಂಚು ಕೀಳುತ್ತ ಯೋಚಿಸುತ್ತಿದ್ದಳು. ಅಳುತ್ತಿರಲಿಲ್ಲ. "ಅಜ್ಜ, ಸಂತೆಯಲ್ಲಿ ಎಲ್ಲಾರೂ ನಂಗೂ ನಂಗೂ ಅಂತ ಕೂಗ್ತಾರಲ್ಲ, ಆವಾಗ ಅವ್ರು ಮಾಲು ನೋಡ್ತಾರಾ?"

"ಎಲ್ಲೀ ನೋಡೂದು! ಮುಂದಿನಾಂವ ಎತ್ತಿಕೊಂಡ ಅಂದ್ರ ತಾನೂ ಎತ್ತಿಕೋತಾನ. ಚೀಲದಾಗ ಏನದ ಅಂತ ಮನೀಗೆ ಹೋಗಿ ನೋಡ್ತಾನ."

ಅವಳು ಎದ್ದು ಹೋದಳು. ನೀಲಗಿರಿ ಮರದ ಕೆಳಗೆ ಎಮಿಲಿ ತನ್ನ ಅಜ್ಜನ ಜೊತೆ ಕೂತಿದ್ದಳು. ನಾನೂ ಹಿಂದೆ ಹೋದೆ. ತಾರಾ ಈ ಸಲ ದುಪಟ್ಟಾ ತೆಗೆಯಲಿಲ್ಲ. ಒಂದು ಕಾಗದ ಬರೆದು, ಎಮಿಲಿಯ ಮುಂದೆ ಹಿಡಿದು, ಓದು ಎಂದಳು. ಎಮಿಲಿ ಓದಿ ಅಜ್ಜನಿಗೆ ಕೊಟ್ಟಳು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಓದಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು. ಅವರ ಮುತ್ತಜ್ಜ ಈ ದೇಶಕ್ಕೆ ಬಂದದ್ದು ಒಂದು ಒಪ್ಪಂದದ ಬಲದ ಮೇಲೆ. ಚೀನಾದವರು ಇಲ್ಲಿಗೆ ಬರಬಹುದು, ಇರಬಹುದು ಎಂದು ಎರಡು ದೇಶಗಳೂ ಬರೆದುಕೊಟ್ಟಿದ್ದವು. ಹದಿನೈದು ವರ್ಷ ಕಳೆಯುವುದರೊಳಗೆ ಅಮೆರಿಕ ಬಾಗಿಲು ಹಾಕಿತು. ಮುತ್ತಜ್ಜನಿಗೆ ಹೆಂಡತಿಯನ್ನು ಕರೆಸಿಕೊಳ್ಳಲು ಅರ್ಧ ಆಯುಸ್ಸು ಬೇಕಾಯಿತು. ಅವರು ಇದನ್ನು ಸಿಟ್ಟಿಲ್ಲದೆ, ಹವಾಮಾನದ ಮಾತಾಡಿದ ಹಾಗೆ ಹೇಳಿದರು. ಎಮಿಲಿ ಕಾಗದ ವಾಪಸು ತೆಗೆದುಕೊಂಡು, "ಅಮೆರಿಕ ಒಪ್ಪುತ್ತದೆ," ಎಂದಳು.

ಮಧ್ಯಾಹ್ನ ಕೊನೆಯ ಸುತ್ತು. ನಿಖಿಲ್ ಗಡಿಯಾರ ನೋಡುತ್ತಿದ್ದ, ಫ್ರಾನ್ಸಿನ ಹುಡುಗ ಫೋನು ನೋಡುತ್ತಿದ್ದ. ತಾರಾ ಎದ್ದು, ಅಮೆರಿಕದ ಜೊತೆಗಿನ ಹೊಸ ಕಲಮು ಎಂದು ಓದತೊಡಗಿದಳು. ಅದೇ ದನಿ. ಒಂದಿಷ್ಟೂ ಏರಿಸಲಿಲ್ಲ. ಎರಡನೆಯ ಸಾಲಿನಲ್ಲಿದ್ದ ನಾನು ಕಿವಿಗೆ ಕೈ ಹಚ್ಚಿ ಕೇಳಿದೆ. ಅಮೆರಿಕದ ಸರಕಿಗೆ ಸುಂಕ ಇನ್ನಷ್ಟು ಇಳಿಸಲಾಗುವುದು. ಬದಲಿಗೆ ಅಮೆರಿಕದ ಬಂದರುಗಳಲ್ಲಿ ಚೀನಾದ ಸರಕಿಗೂ ಅಷ್ಟೇ ಸುಂಕ. ಅಲ್ಲಿ ಚೀನೀಯರು ತಪ್ಪು ಮಾಡಿದರೆ ಚೀನಾದ ಅಧಿಕಾರಿಯೇ ವಿಚಾರಿಸುವನು. ಇನ್ನು ಮುಂದೆ ಒಬ್ಬರಿಗೆ ಕೊಟ್ಟ ರಿಯಾಯಿತಿ ಬೇಕೆನ್ನುವವರು ಅದಕ್ಕೆ ಸಮನಾದದ್ದನ್ನು ಚೀನಾಕ್ಕೆ ಕೊಡಬೇಕು. ಪುಕ್ಕಟೆ ಕೊಡುವ ಹಳೆಯ ಕಲಮು ಈ ದಿನದಿಂದ ಇಲ್ಲ.

ಕೊನೆಯ ಅಕ್ಷರದವರೆಗೆ ಓದಿದಳು. ಒಂದು ಪದ ನುಂಗಲಿಲ್ಲ, ಒಂದು ಸಾಲು ಹಾರಿಸಲಿಲ್ಲ. ಸುಂಕ ಇಳಿಯಿತು ಎಂಬ ಮೊದಲ ಮಾತು ಕಿವಿಗೆ ಬಿದ್ದದ್ದಷ್ಟೇ, ನಿಖಿಲ್ ಹಿಂದೆ ಕೂತ ಗೆಳೆಯನ ಜೊತೆ ಹರಟೆಗೆ ಇಳಿದಿದ್ದ.

"ಅಮೆರಿಕ ಒಪ್ಪುತ್ತದೆ," ಎಂದಳು ಎಮಿಲಿ.

"ಸೇಮ್ ಫಾರ್ ಅಸ್!" ಎಂದ ನಿಖಿಲ್, ಮೇಜು ಕುಟ್ಟಿ.

"ಸೇಮ್!" ಎಂದಿತು ಫ್ರಾನ್ಸು, ಫೋನಿನಿಂದ ತಲೆ ಎತ್ತದೆ.

ಅಧ್ಯಕ್ಷೆ ಒಂದು ಕ್ಷಣ ತಾರಾಳನ್ನು ನೋಡಿದಳು. ಅಧ್ಯಕ್ಷೆಯಂತೂ ಪೂರ್ತಿ ಕೇಳಿಸಿಕೊಂಡಿದ್ದಳು. ತುಟಿ ಕಚ್ಚಿ ನಗು ತಡೆದು ಸುತ್ತಿಗೆ ಬಡಿದಳು. "ದಾಖಲಾಯಿತು. ಮೂರೂ ದೇಶಗಳು ಒಪ್ಪಿವೆ."

ಸಹಿಗೆಂದು ಕಾಗದ ಮುಂದೆ ಬಂದಾಗ ನಿಖಿಲ್ ಪೆನ್ನು ತೆಗೆದ. ಓದಿದ. ಮತ್ತೆ ಓದಿದ. ಮುಖದ ಬಣ್ಣ ಇಳಿಯಿತು. "ಒಂದ್ನಿಮಿಷ! ಇದನ್ನು ನೀನು ಓದಲೇ ಇಲ್ಲ!"

"ಓದಿದೆ," ಎಂದಳು ತಾರಾ. "ನೀನು ಕೇಳಲಿಲ್ಲ."

ನಿಖಿಲ್ ಅಧ್ಯಕ್ಷೆಯ ಕಡೆ ನೋಡಿದ. ಅವಳು ತಲೆಯಾಡಿಸಿ, ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ, ಸಹಿ ಮಾಡು ಎಂದಳು. ಬ್ರಿಟನ್ ತಲೆ ತಗ್ಗಿಸಿ ಸಹಿ ಹಾಕಿತು. ಫ್ರಾನ್ಸೂ ಹಾಕಿತು. ಎಮಿಲಿಯ ಅಜ್ಜ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನಂತೂ "ಶಾಭಾಷ್ ನನ್ನ ಹುಲಿ!" ಎಂದು ಕೂಗಿಬಿಟ್ಟೆ. ನಮ್ಮಪ್ಪನ ಗಂಟಲು ಆ ದಿನ ನನಗೆ ಪೂರ್ತಿ ಬಂದಿತ್ತು. ಸುನಂದಾ ಈಗ ಎಲ್ಲರಿಗೂ ಕಾಣುವ ಹಾಗೆಯೇ ಅಳುತ್ತಿದ್ದಳು.

ನಿಖಿಲನ ಬಗ್ಗೆಯೂ ಒಂದು ಮಾತು ಹೇಳಬೇಕು. ಅವನು ಮುಖ ಊದಿಸಿಕೊಂಡು ಹೋಗಲಿಲ್ಲ. ಮೇಜು ಸುತ್ತಿ ಬಂದು ತಾರಾಳ ಕೈ ಕುಲುಕಿದ. ಸೋತವರ ಕುರ್ಚಿಯಲ್ಲಿ ಕೂಡಿಸಿ, ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳುವ ಈ ಪದ್ಧತಿ ನನಗೆ ಬಹಳ ಮೆಚ್ಚುಗೆಯಾಯಿತು. ನಮಗೆ ಶಾಲೆಯಲ್ಲಿ ಇತಿಹಾಸವೆಂದರೆ ಇಸವಿಗಳ ಬಾಯಿಪಾಠ, ತಪ್ಪಿದರೆ ಬೆತ್ತ.

ವಾಪಸು ಟ್ರೇನಿನಲ್ಲಿ ಜನ ಕಡಿಮೆ ಇದ್ದರು. ಗುಡ್ಡದ ಮೇಲೆ ಸಂಜೆಯ ಬಿಸಿಲು. ನಾನು ಮಾತು ನಿಲ್ಲಿಸಲೇ ಇಲ್ಲ. ಹುಬ್ಬಳ್ಳಿಗೆ ಹೋಗಿ ಯಾರ್ಯಾರಿಗೆ ಹೇಳಬೇಕೆಂದು ಹೆಸರು ಹಿಡಿದು ಹೇಳಿದೆ. ತಾರಾ ಹಿಗ್ಗಿದ ಹಾಗೆ ಕಾಣಲಿಲ್ಲ.

"ಯಾಕವಾ, ಗೆದ್ದೆಲ್ಲಾ, ಖುಷಿ ಇಲ್ಲೇನು?"

"ಖುಷಿ ಇದೆ ಅಜ್ಜ." ಕನ್ನಡ ಇಂಗ್ಲಿಷು ಎರಡನ್ನೂ ಬೆರೆಸಿ, ತಡೆದು ತಡೆದು ಹೇಳಿದಳು. "ನನ್ನ ಎದುರು ಇದ್ದಿದ್ದು ನಿಖಿಲ್. ಅವ್ನು ರೂಲ್ಸ್ ಫಾಲೋ ಮಾಡಿದ. ನಿಜವಾಗ್ಲೂ ಆ ಕುರ್ಚಿಯಲ್ಲಿ ಕೂತಿದ್ದೋರು ಹೀಗೇ ಬರೆದು ಓದಿದ್ರೆ, ದೇ ವುಡ್ ಹ್ಯಾವ್ ಫೈರ್ಡ್ ದ ಗನ್ಸ್."

ಹೌದು. ಆ ಒಪ್ಪಂದಗಳು ರದ್ದಾಗಲು ಸುಮಾರು ನೂರು ವರ್ಷ ಬೇಕಾಯಿತಂತೆ. ಮಕ್ಕಳ ಮೇಜಿನ ಮೇಲೆ ಅರ್ಧ ದಿನದಲ್ಲಿ ಆದದ್ದಕ್ಕೆ ಅಲ್ಲಿ ನಾಲ್ಕು ತಲೆಮಾರು ಸವೆದುಹೋಯಿತು.

ಫ್ರೀಮಾಂಟ್ ಹತ್ತಿರ ತಾರಾಳ ಫೋನು ಸದ್ದು ಮಾಡಿತು. ನಿಖಿಲ್ ಬರೆದಿದ್ದ. ಬೇಸಿಗೆಯ ಸಮ್ಮೇಳನದ ತಂಡದಲ್ಲಿ ಅವಳ ಹೆಸರೇ ಮೊದಲನೆಯದು. ವಿಷಯ ಇದೇ ಕಾಲದ್ದು, ಅಫೀಮಿನ ಎರಡನೆಯ ಯುದ್ಧದ ಒಪ್ಪಂದ. ಈ ಸಲ ದೇಶ ಅವಳೇ ಆರಿಸಿಕೊಳ್ಳಬಹುದು, ಬ್ರಿಟನ್ ಬೇಕಾದರೆ ಬಿಟ್ಟುಕೊಡುತ್ತೇನೆ ಎಂದಿದ್ದ.

"ಬ್ರಿಟನ್ ತೊಗೋ," ಎಂದಳು ಸುನಂದಾ. "ಒಮ್ಮೆಯರ ಜೋರಿದ್ದವರ ಕಡೆ ಕೂಡು."

ತಾರಾ ಎರಡು ಹೆಬ್ಬೆರಳುಗಳಿಂದ ಏನೋ ಒತ್ತಿ, ಫೋನನ್ನು ನನ್ನ ಕಡೆ ತಿರುಗಿಸಿದಳು. ಒಂದೇ ಪದವಿತ್ತು: ಚೀನಾ.